ಗೂಡಿನ ಚಿಟ್ಟೆ, ಅಂಡಾಣುವಿನ ಗೋಡೆ

ಒಂದು ಪದವಿ ಕಾಲೇಜಿನ ಸಭಾಂಗಣದಲ್ಲಿ ವಿದ್ಯಾರ್ಥಿಗಳು, ಅವರ ಮನೆಯವರು, ಸುತ್ತಲಿನ ಹೈನುಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಎರಡು ರೇಷ್ಮೆ ಗೂಡು ತಂದಿದ್ದೇನೆ. ಕೈಯಿಂದ ಕೈಗೆ ದಾಟಿಸಿ ನೋಡಿ. ಒಂದು ಪೂರ್ತಿ ಮುಚ್ಚಿದೆ. ಇನ್ನೊಂದರ ತುದಿಯಲ್ಲಿ ತೂತಿದೆ, ಒಳಗೆ ಖಾಲಿ. ನಾನು ಹುಳ ಸಾಕುವ ಮನೆಯಲ್ಲಿ ಬೆಳೆದವನು. ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ ಚಂದ್ರಂಕಿ, ಅದರಿಂದ ಗೂಡು ಬಿಡಿಸುವಾಗ ಮೂಲೆಯಲ್ಲಿ ಒಂದೆರಡು ಉಳಿದುಬಿಡುತ್ತಿದ್ದವು. ಕೆಲವು ದಿನ ಬಿಟ್ಟು ನೋಡಿದರೆ ಅದರ ತುದಿ ಒದ್ದೆಯಾಗಿರುತ್ತಿತ್ತು. ಮಾರನೇ ದಿನ ಪಕ್ಕದಲ್ಲೇ ಚಿಟ್ಟೆ ಕೂತಿರುತ್ತಿತ್ತು. "ಇದಕ್ಕೆ ಹಲ್ಲೇ ಇಲ್ವಲ್ಲ ಅಜ್ಜಿ, ಹೆಂಗೆ ಕಡೀತು?" ಅಂತ ಕೇಳಿದ್ದೆ. "ಕಡಿಯಲ್ಲ ಮಗ, ನೆನೆಸ್ತದೆ" ಅಂದಿದ್ದರು ಅಜ್ಜಿ.

ಅಜ್ಜಿ ಹೇಳಿದ್ದು ಸರಿ. ಚಿಟ್ಟೆ ತನ್ನ ಮುಖದ ಬಳಿಯಿಂದ ಒಂದು ದ್ರವ ಬಿಡುತ್ತದೆ. ಅದರಲ್ಲಿ ಕೊಕೂನೇಸ್ ಎಂಬ ಕಿಣ್ವ, ಅಂದರೆ ಎನ್‌ಜೈಮ್, ಇರುತ್ತದೆ. ಗೂಡಿನ ಎಳೆಗಳನ್ನು ಒಂದಕ್ಕೊಂದು ಅಂಟಿಸಿರುವ ಸೆರಿಸಿನ್ ಎಂಬ ಅಂಟನ್ನು ಅದು ಕರಗಿಸುತ್ತದೆ. ಎಳೆಯನ್ನು ಮುಟ್ಟುವುದಿಲ್ಲ. ಅಂಟು ಹೋದ ಎಳೆಗಳು ಸಡಿಲವಾಗುತ್ತವೆ. ಆಮೇಲೆ ಚಿಟ್ಟೆ ತಲೆ ಕೊಟ್ಟು ತಳ್ಳಿಕೊಂಡು ಹೊರಗೆ ಬರುತ್ತದೆ. ಅಂಥ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬಿಚ್ಚಲು ಆಗುವುದಿಲ್ಲ. ಮಾರುಕಟ್ಟೆಗೆ ಹೋಗುವವರಿಗೆ ಅದು ಗೊತ್ತೇ ಇದೆ.

ಈಗ ಇವತ್ತಿನ ವಿಷಯ. ಸಸ್ತನಿಗಳ ಅಂಡಾಣುವಿನ ಸುತ್ತಲೂ ಒಂದು ಗೋಡೆ ಇದೆ. ವೀರ್ಯಾಣು ಅದನ್ನು ದಾಟಿ ಒಳಗೆ ಹೋಗಬೇಕು. ಚಿಟ್ಟೆ ಒಳಗಿನಿಂದ ಹೊರಗೆ, ವೀರ್ಯಾಣು ಹೊರಗಿನಿಂದ ಒಳಗೆ. ವೀರ್ಯಾಣು ಎಷ್ಟು ನೆನೆಸುತ್ತದೆ, ಎಷ್ಟು ತಳ್ಳುತ್ತದೆ? ಈ ಒಂದು ಪ್ರಶ್ನೆಯ ಹಿಂದೆ ವಿಜ್ಞಾನಿಗಳು ಎಂಬತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಬಿದ್ದಿದ್ದಾರೆ. ಪಠ್ಯಪುಸ್ತಕದ ಉತ್ತರ ಎರಡು ಸಲ ತಿರುವುಮುರುವಾಗಿದೆ. ಪ್ರಾಣಿಯಿಂದ ಪ್ರಾಣಿಗೆ ಉತ್ತರ ಬೇರೆ ಎಂಬುದು ನನ್ನ ಇವತ್ತಿನ ಮಾತಿನ ತಿರುಳು.

ಹಿಂದಿನ ಸಾಲಿನಲ್ಲಿ ಕೆಲವರು ತಲೆ ತಗ್ಗಿಸಿ ಕೂತಿದ್ದೀರಿ. ಮುಜುಗರ ಬೇಡ. ನಾವೆಲ್ಲ ಹುಟ್ಟಿ ಬಂದ ದಾರಿ ಇದು.

ಮೊದಲು ಅಳತೆ ಗೊತ್ತಿರಲಿ. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ಮನುಷ್ಯರ ಅಂಡಾಣು ಸುಮಾರು 120 ಮೈಕ್ರಾನ್ ಅಗಲ. ಕಣ್ಣು ಚುರುಕಾಗಿದ್ದರೆ ಬರಿಗಣ್ಣಿಗೂ ಚುಕ್ಕೆಯಂತೆ ಕಾಣಬಹುದು. ವೀರ್ಯಾಣುವಿನ ತಲೆ 5 ಮೈಕ್ರಾನ್ ಉದ್ದ. ಒಮ್ಮೆಗೆ ಹೊರಡುವ ವೀರ್ಯಾಣುಗಳು ಕೋಟಿಗಟ್ಟಲೆ. ಅಂಡನಾಳದಲ್ಲಿ ಅಂಡಾಣು ಇರುವ ಜಾಗಕ್ಕೆ ಮುಟ್ಟುವುದು ಕೆಲವು ನೂರು ಮಾತ್ರ. ಮುಟ್ಟಿದ ಮೇಲೂ ಎರಡು ಅಡ್ಡಿ. ಹೊರಗೆ ಒಂದು ಲೋಳೆ. ಅದರೊಳಗೆ ಗೋಡೆ.

ಲೋಳೆಯಿಂದ ಶುರು ಮಾಡೋಣ. ಅದರ ಕಥೆ ನನಗೆ ತುಂಬಾ ಇಷ್ಟ.

ಅಂಡಾಶಯದಿಂದ ಹೊರಬರುವಾಗ ಅಂಡಾಣು ಒಂಟಿಯಾಗಿ ಬರುವುದಿಲ್ಲ. ಅದನ್ನು ಪೋಷಿಸಿದ ಸಾವಿರಾರು ಪುಟ್ಟ ಜೀವಕೋಶಗಳು ಮೋಡದ ಹಾಗೆ ಸುತ್ತುವರಿದಿರುತ್ತವೆ. ಕ್ಯುಮುಲಸ್ ಎಂದು ಅದರ ಹೆಸರು. ಆ ಕೋಶಗಳ ನಡುವೆ ಇರುವ ಲೋಳೆಯೇ ಹಯಲುರೊನಿಕ್ ಆಮ್ಲ. ನಮ್ಮ ಮಂಡಿಯ ಕೀಲಿನಲ್ಲಿ ಇರುವುದೂ ಅದೇ. ಕಣ್ಣುಗುಡ್ಡೆಯ ಒಳಗೂ ಇದೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನಿಂದ.

ಇದನ್ನು ಕರಗಿಸುವ ಕಿಣ್ವ ಹಯಲುರೊನಿಡೇಸ್. ಅದು ಸಿಕ್ಕಿದ್ದು ಯಾರೋ ಗರ್ಭಧಾರಣೆಯ ಬಗ್ಗೆ ಹುಡುಕುವಾಗ ಅಲ್ಲ. 1920ರ ದಶಕದ ಕೊನೆಯಲ್ಲಿ ಫ್ರಾನ್ಸಿಸ್ಕೊ ದುರಾನ್-ರೇನಾಲ್ಸ್ ಎಂಬ ವಿಜ್ಞಾನಿ ಮೊಲದ ಚರ್ಮದಲ್ಲಿ ವೈರಸ್ ಹರಡುವುದನ್ನು ನೋಡುತ್ತಿದ್ದರು. ವೃಷಣ ಅರೆದು ತೆಗೆದ ರಸವನ್ನು ವೈರಸ್ ಜೊತೆ ಚುಚ್ಚಿದಾಗ ಸೋಂಕು ಬಹಳ ಅಗಲಕ್ಕೆ ಹರಡಿತು. ಹರಡಿಸುವ ಅಂಶ ಎಂದು ಅದಕ್ಕೆ ಹೆಸರು ಬಂತು. ಏನದು ಅಂತ ಯಾರಿಗೂ ಗೊತ್ತಿರಲಿಲ್ಲ. ಮುಂದೆ 1940ರ ಹೊತ್ತಿಗೆ ಅರ್ನ್ಸ್ಟ್ ಚೇಯ್ನ್ ಮತ್ತು ಡತಿ ಅದು ಹಯಲುರೊನಿಡೇಸ್ ಎಂದು ತೋರಿಸಿದರು. ಹೌದು, ಪೆನಿಸಿಲಿನ್‌ಗೆ ನೊಬೆಲ್ ಪಡೆದ ಅದೇ ಚೇಯ್ನ್. ವೃಷಣದಲ್ಲಿ ಈ ಕಿಣ್ವ ಇಷ್ಟೊಂದು ಯಾಕಿದೆ ಎಂಬ ಪ್ರಶ್ನೆ ಆಗ ಎದ್ದಿತು. 1942ರಲ್ಲಿ ಮೆಕ್‌ಲೀನ್ ಮತ್ತು ರೋಲೆಂಡ್ಸ್ ಉತ್ತರ ಕೊಟ್ಟರು. ಅಂಡಾಣುವಿನ ಸುತ್ತಲಿನ ಮೋಡ ಈ ಕಿಣ್ವ ತಗುಲಿದರೆ ಚೆದುರಿಹೋಗುತ್ತದೆ.

ವೀರ್ಯಾಣುವಿನ ಮೈಮೇಲೆ ಇರುವ ಈ ಕಿಣ್ವಕ್ಕೆ ಪಿಎಚ್-20 ಎಂಬ ಹೆಸರಿದೆ. ಮೊದಮೊದಲು ಅದು ಕಿಣ್ವ ಎಂದೇ ಗೊತ್ತಿರಲಿಲ್ಲ, ಸುಮ್ನೆ ಒಂದು ಪ್ರೋಟೀನು ಎಂದುಕೊಂಡಿದ್ದರು. 1993ರಲ್ಲಿ ಆಸ್ಟ್ರಿಯಾದ ಇಬ್ಬರು ವಿಜ್ಞಾನಿಗಳು ಜೇನುಹುಳದ ವಿಷದಲ್ಲಿರುವ ಹಯಲುರೊನಿಡೇಸಿನ ರಚನೆ ಓದುತ್ತಿದ್ದರು. ಹೋಲಿಕೆ ಹುಡುಕಿದಾಗ ಸಿಕ್ಕಿದ್ದು ವೀರ್ಯಾಣುವಿನ ಈ ಪ್ರೋಟೀನು! ಜೇನು ಕುಟುಕಿದಾಗ ಉರಿ ಒಂದೇ ಕಡೆ ನಿಲ್ಲದೆ ಅಗಲಕ್ಕೆ ಊದಿಕೊಳ್ಳುತ್ತೆ ಅಲ್ವಾ? ಚರ್ಮದ ಕೆಳಗಿನ ಲೋಳೆಯನ್ನು ಕರಗಿಸಿ ವಿಷಕ್ಕೆ ದಾರಿ ಮಾಡಿಕೊಡುವುದು ಆ ಕಿಣ್ವ. ಹಾವಿನ ವಿಷದಲ್ಲೂ ಅದರ ಬಂಧುಗಳಿವೆ. ನೋವು ಹರಡಲು ಬೇಕಾದದ್ದೂ, ಹೊಸ ಜೀವ ಶುರುವಾಗಲು ಬೇಕಾದದ್ದೂ ಒಂದೇ ಮನೆತನದ ಕಿಣ್ವ. ಇದನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ನಿಮ್ಮ ಮನೆಯ ಹಿರಿಯರಿಗೂ ಈ ಕಿಣ್ವದಿಂದ ಉಪಕಾರ ಆಗಿರಬಹುದು. ಕಣ್ಣಿನ ಪೊರೆಯ ಆಪರೇಷನ್‌ಗೆ ಮೊದಲು ಕಣ್ಣಿನ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಔಷಧಿ ಬೇಗ ಹರಡಲಿ ಎಂದು ಎಷ್ಟೋ ವೈದ್ಯರು ಅದಕ್ಕೆ ಹಯಲುರೊನಿಡೇಸ್ ಬೆರೆಸುತ್ತಾರೆ. ಕುರಿ ಅಥವಾ ಹೋರಿಯ ವೃಷಣದಿಂದ ತೆಗೆದ ಕಿಣ್ವವೇ ಇದಕ್ಕೆ ಬಹುಕಾಲ ಬಳಕೆಯಲ್ಲಿತ್ತು. ಈಗ ಮನುಷ್ಯರ ಪಿಎಚ್-20ಯನ್ನೇ ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ತಯಾರಿಸುತ್ತಾರೆ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್ ಎಂಬ ಔಷಧಿಯನ್ನು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಡ್ರಿಪ್‌ನಲ್ಲಿ ಏರಿಸಬೇಕಿತ್ತು. ಈ ಕಿಣ್ವ ಬೆರೆಸಿ ಚರ್ಮದ ಕೆಳಗೆ ಚುಚ್ಚಿದರೆ ಐದು ನಿಮಿಷದೊಳಗೆ ಮುಗಿಯುತ್ತದೆ. ವೀರ್ಯಾಣುವಿನ ತಲೆಯ ಮೇಲಿನ ಒಂದು ಪ್ರೋಟೀನು ಇವತ್ತು ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುತ್ತಿದೆ.

ಹಾಗಾದರೆ ಪಿಎಚ್-20 ಇಲ್ಲದಿದ್ದರೆ ಗರ್ಭವೇ ನಿಲ್ಲುವುದಿಲ್ಲವೇ? 1988ರಲ್ಲಿ ಗಿನಿ ಪಿಗ್‌ಗಳಿಗೆ ಈ ಪ್ರೋಟೀನಿನ ಲಸಿಕೆ ಕೊಟ್ಟಾಗ ಗಂಡೂ ಹೆಣ್ಣೂ ಎರಡೂ ಮರಿ ಹಾಕುವುದನ್ನು ನಿಲ್ಲಿಸಿದವು. ಗರ್ಭನಿರೋಧಕ ಲಸಿಕೆ ಇನ್ನೇನು ಬಂದೇಬಿಟ್ಟಿತು ಎಂಬ ಆಸೆ ಹುಟ್ಟಿತು. ಆದರೆ 2002ರಲ್ಲಿ ಈ ಜೀನನ್ನೇ ತೆಗೆದುಹಾಕಿದ ಸುಂಡಿಲಿಗಳು ಆರಾಮಾಗಿ ಮರಿ ಮಾಡಿದವು. ಲೋಳೆ ಚೆದುರುವುದು ನಿಧಾನವಾಯಿತು, ಅಷ್ಟೇ. ಸುಂಡಿಲಿಯ ವೀರ್ಯಾಣುವಿನಲ್ಲಿ ಅದೇ ಕೆಲಸ ಮಾಡುವ ಇನ್ನೊಂದು ಕಿಣ್ವವೂ ಇತ್ತು ಎಂದು ಆಮೇಲೆ ಗೊತ್ತಾಯಿತು. ಈ ಸಂಗತಿ ನೆನಪಿರಲಿ. ಇದೇ ತರಹದ್ದು ಮುಂದೆ ಇನ್ನೂ ದೊಡ್ಡದಾಗಿ ಬರುತ್ತದೆ.

ಈಗ ಗೋಡೆ. ಅದರ ಹೆಸರು ಝೋನಾ ಪೆಲ್ಯೂಸಿಡಾ. ಮನುಷ್ಯರಲ್ಲಿ ಸುಮಾರು 15ರಿಂದ 20 ಮೈಕ್ರಾನ್ ದಪ್ಪ. ವೀರ್ಯಾಣುವಿನ ತಲೆಯ ಮೂರು ನಾಲ್ಕು ಪಟ್ಟು. ಸಕ್ಕರೆಯ ಸರಪಳಿ ಅಂಟಿಕೊಂಡ ಪ್ರೋಟೀನುಗಳನ್ನು ಹೆಣೆದು ಮಾಡಿದ ಗೋಡೆ ಇದು. ಗೂಡಿನ ಹಾಗೇ ಎಳೆಎಳೆಯಾಗಿದೆ.

ವೀರ್ಯಾಣುವಿನ ತಲೆಯ ಮೇಲೆ ಟೊಪ್ಪಿಗೆಯ ಹಾಗೆ ಒಂದು ಚೀಲ ಇದೆ. ಅದು ಆಕ್ರೋಸೋಮ್. ಅದರ ತುಂಬ ಕಿಣ್ವಗಳು. ಮುಖ್ಯವಾದದ್ದು ಆಕ್ರೋಸಿನ್. ಪ್ರೋಟೀನನ್ನು ಕತ್ತರಿಸುವ ಕಿಣ್ವ. ನಮ್ಮ ಸಣ್ಣ ಕರುಳಿನಲ್ಲಿ ಬೇಳೆ, ಮೊಟ್ಟೆಯನ್ನು ಅರಗಿಸುವ ಟ್ರಿಪ್ಸಿನ್‌ನ ಹತ್ತಿರದ ನೆಂಟ. ಚಿಟ್ಟೆಯ ಕೊಕೂನೇಸ್ ಕೂಡ ಟ್ರಿಪ್ಸಿನ್ ತರಹದ್ದೇ. ಗೂಡನ್ನು ಇಲ್ಲಿಗೆ ತಂದದ್ದು ಅದಕ್ಕೇ.

ಇಂಥ ಕಿಣ್ವವನ್ನು ತಲೆಯ ಮೇಲೆ ಹೊತ್ತು ತಿರುಗುವುದು ಸುಲಭವಲ್ಲ. ಮೊದಲೇ ಸೋರಿದರೆ ತನ್ನನ್ನೇ ತಿಂದುಹಾಕುತ್ತದೆ. ಅದಕ್ಕೆ ಚೀಲದೊಳಗೆ ಹುಳಿ ಇಟ್ಟಿದೆ ಪ್ರಕೃತಿ. ಆ ಹುಳಿಯಲ್ಲಿ ಆಕ್ರೋಸಿನ್ ಎಚ್ಚರವಾಗುವುದಿಲ್ಲ, ಪ್ರೊಆಕ್ರೋಸಿನ್ ಎಂಬ ನಿದ್ದೆಯ ರೂಪದಲ್ಲಿ ಇರುತ್ತದೆ. ಚೀಲ ಬಿಚ್ಚಿ ಹೊರಗಿನ ದ್ರವ ಒಳಗೆ ಬಂದಾಗ ಹುಳಿ ಕಡಿಮೆಯಾಗುತ್ತದೆ, ಕಿಣ್ವ ಏಳುತ್ತದೆ.

ಚೀಲ ಬಿಚ್ಚುವುದನ್ನು ಮೊದಲು ಕಂಡವರು ಜೀನ್ ಕ್ಲಾರ್ಕ್ ಡಾನ್. ಅಮೆರಿಕದಲ್ಲಿ ಹುಟ್ಟಿ ಜಪಾನಿನವರನ್ನು ಮದುವೆಯಾದ ಹೆಣ್ಣುಮಗಳು. ಸಮುದ್ರದ ಜೀವಿಗಳ ವೀರ್ಯಾಣುಗಳನ್ನು ನೋಡುತ್ತಿದ್ದರು. ಅಂಡಾಣು ಇಟ್ಟಿದ್ದ ನೀರು ತಾಕಿದಾಗ ತಲೆಯ ತುದಿಯ ಚೀಲ ಒಡೆಯುವುದನ್ನು 1952ರಲ್ಲಿ ಬರೆದರು. ಅವರು ಕೆಲಸ ಮಾಡುತ್ತಿದ್ದದ್ದು ಜಪಾನಿನ ಮಿಸಾಕಿ ಎಂಬಲ್ಲಿನ ಕಡಲ ಪ್ರಯೋಗಾಲಯದಲ್ಲಿ. ಯುದ್ಧದ ಕಾಲದಲ್ಲಿ ಆ ಜಾಗ ನೌಕಾಪಡೆಯ ಕೈಯಲ್ಲಿತ್ತು. 1945ರಲ್ಲಿ ಅಮೆರಿಕದ ಸೈನಿಕರು ಬರುವ ಹೊತ್ತಿಗೆ ಅವರ ಗಂಡ ಕತ್ಸುಮಾ ಡಾನ್ ಬಾಗಿಲಿಗೆ ಒಂದು ಕಾಗದ ಅಂಟಿಸಿ ಹೋದರು. ಆಯುಧ ಬೇಕಾದರೆ ನಾಶ ಮಾಡಿ, ಆದರೆ ಇದು ವಿದ್ಯಾರ್ಥಿಗಳು ಓದುವ ಜಾಗ, ಉಳಿಸಿ ಎಂದು ಅದರಲ್ಲಿ ಕೇಳಿಕೊಂಡಿದ್ದರು. ಪ್ರಯೋಗಾಲಯ ಉಳಿಯಿತು. ಏಳು ವರ್ಷದ ನಂತರ ಅಲ್ಲಿಂದ ಈ ಸುದ್ದಿ ಬಂತು. ನನ್ನ ವಿಷಯಕ್ಕೆ ಇದು ಅಷ್ಟೊಂದು ಬೇಕಾಗಿಲ್ಲ. ಆದರೂ ಹೇಳದೆ ಇರಲು ಮನಸ್ಸಾಗಲಿಲ್ಲ.

ಅದಕ್ಕೆ ಒಂದು ವರ್ಷ ಮೊದಲು, 1951ರಲ್ಲಿ, ಅಮೆರಿಕದಲ್ಲಿ ಎಂ.ಸಿ. ಚಾಂಗ್, ಆಸ್ಟ್ರೇಲಿಯಾದಲ್ಲಿ ಕಾಲಿನ್ ಆಸ್ಟಿನ್, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಸಂಗತಿ ಕಂಡರು. ಆಗ ತಾನೇ ಹೊರಬಂದ ವೀರ್ಯಾಣು ಅಂಡಾಣುವನ್ನು ಸೇರಲಾರದು. ಹೆಣ್ಣಿನ ದೇಹದೊಳಗೆ ಕೆಲವು ಗಂಟೆ ಕಳೆಯಬೇಕು. ಮೊಲದಲ್ಲಿ ಸುಮಾರು ಆರು ಗಂಟೆ. ಆ ಹೊತ್ತಿನಲ್ಲಿ ವೀರ್ಯಾಣುವಿನ ಹೊದಿಕೆ ಬದಲಾಗುತ್ತದೆ, ಚೀಲ ಬಿಚ್ಚಲು ಸಿದ್ಧವಾಗುತ್ತದೆ, ಬಾಲದ ಬೀಸು ಜೋರಾಗುತ್ತದೆ. ಅಂದರೆ ಗಂಡಿನ ಕಿಣ್ವಕ್ಕೆ ಬೀಗ ತೆಗೆಯುವುದು ಹೆಣ್ಣಿನ ದೇಹ. ವೀರ್ಯಾಣು ಓಡಿ ಬಂದು ಗೆದ್ದಿತು, ಅಂಡಾಣು ಸುಮ್ನೆ ಕಾದಿತ್ತು ಎಂದು ಹೇಳುವ ಪಾಠ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

ಆಕ್ರೋಸೋಮಿನ ಕಿಣ್ವಗಳಿಗೆ ಅಂಡಾಣುವಿನ ಹೊದಿಕೆಗಳನ್ನು ಕರಗಿಸುವ ಶಕ್ತಿ ಇದೆ ಎಂಬುದನ್ನು 1965ರಲ್ಲಿ ಮೊಲದ ಅಂಡಾಣುವಿನ ಮೇಲೆ ನೇರವಾಗಿ ತೋರಿಸಿದವರಲ್ಲಿ ಪಿ.ಎನ್. ಶ್ರೀವಾಸ್ತವ ಒಬ್ಬರು. ಅವರೂ ಆಡಮ್ಸ್, ಹಾರ್ಟ್ರಿ ಎಂಬ ಇಬ್ಬರೂ ವೀರ್ಯಾಣುವಿನ ತಲೆಯಿಂದ ಕಿಣ್ವ ತೆಗೆದು ಅಂಡಾಣುವಿನ ಮೇಲೆ ಹಾಕಿದರು. ಮುಂದಿನ ಕೆಲವು ವರ್ಷಗಳಲ್ಲಿ ಅದರೊಳಗೆ ಟ್ರಿಪ್ಸಿನ್ ತರಹದ ಕಿಣ್ವ ಇರುವುದು ಗೊತ್ತಾಯಿತು, ಆಕ್ರೋಸಿನ್ ಎಂದು ಹೆಸರಾಯಿತು. ಪಠ್ಯಪುಸ್ತಕದಲ್ಲಿ ಒಂದು ಸಾಲು ಗಟ್ಟಿಯಾಗಿ ಕೂತಿತು: ವೀರ್ಯಾಣು ಆಕ್ರೋಸಿನ್‌ನಿಂದ ಗೋಡೆ ಕರಗಿಸಿ ಒಳಗೆ ಹೋಗುತ್ತದೆ. ನಾನೂ ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ತೆಗೆದುಕೊಂಡವನು.

ಎಲ್ಲರೂ ಒಪ್ಪಿರಲಿಲ್ಲ. ಮೈಕೆಲ್ ಬೆಡ್‌ಫರ್ಡ್ ಎಂಬ ವಿಜ್ಞಾನಿ ಒಂದು ಸರಳ ಪ್ರಶ್ನೆ ಹಿಡಿದು ಕೂತರು. ವೀರ್ಯಾಣು ಹೋದ ದಾರಿಯನ್ನು ನೋಡಿ. ತಲೆಯಷ್ಟೇ ಅಗಲದ ಕಿರಿದಾದ ಸೀಳು ಅದು. ಅಂಚು ಚೊಕ್ಕವಾಗಿದೆ. ಕಿಣ್ವ ಸುರಿದು ಕರಗಿಸಿದ್ದರೆ ತೂತು ದೊಡ್ಡದಾಗಿ, ಅಂಚು ಕರಗಿದ ಬೆಲ್ಲದ ಹಾಗೆ ಇರಬೇಕಿತ್ತಲ್ಲ? ಅವರ ಪ್ರಕಾರ ಬಾಲದ ಬಲವೇ ಮುಖ್ಯ.

1994ರಲ್ಲಿ ಜಪಾನಿನ ತ್ಸುಕುಬಾದಲ್ಲಿ ತದಾಶಿ ಬಾಬಾ ಅವರ ತಂಡ ಆಕ್ರೋಸಿನ್ ಜೀನ್ ಇಲ್ಲದ ಸುಂಡಿಲಿಗಳನ್ನು ಹುಟ್ಟಿಸಿತು. ಗಂಡು ಸುಂಡಿಲಿಗಳ ವೀರ್ಯಾಣುವಿನಲ್ಲಿ ಆಕ್ರೋಸಿನ್ ಇಲ್ಲವೇ ಇಲ್ಲ. ಪುಸ್ತಕದ ಪ್ರಕಾರ ಅವು ಬಂಜೆಯಾಗಬೇಕು. ಆದರೆ ಅವಕ್ಕೆ ಮರಿಗಳಾದವು! ವೀರ್ಯಾಣುಗಳು ಗೋಡೆ ದಾಟಲು ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಂಡವು. ದಾಟಿದ್ದಂತೂ ನಿಜ. ಮೂವತ್ತು ವರ್ಷದ ಪಾಠ ಒಂದು ಲೇಖನದಲ್ಲಿ ಅಲುಗಾಡಿತು.

ಆಮೇಲಿನ ಕಾಲವನ್ನು ಬಾಲದ ಕಾಲ ಎನ್ನಬಹುದು. 2001ರಲ್ಲಿ ಬಾಲದಲ್ಲಿ ಕ್ಯಾಟ್‌ಸ್ಪರ್ ಎಂಬ, ಕ್ಯಾಲ್ಸಿಯಂ ಅನ್ನು ಒಳಗೆ ಬಿಡುವ ಬಾಗಿಲು ಪತ್ತೆಯಾಯಿತು. ಅದು ಇಲ್ಲದ ಸುಂಡಿಲಿಯ ವೀರ್ಯಾಣು ಈಜುತ್ತದೆ, ಆದರೆ ಚಾಟಿ ಬೀಸಿದ ಹಾಗೆ ಬಾಲ ಬೀಸಲಾರದು. ಗೋಡೆಯ ಹತ್ತಿರ ಬಂದು ಸೋತು ನಿಲ್ಲುತ್ತದೆ. ಗೋಡೆ ತೆಗೆದುಬಿಟ್ಟರೆ ಅಂಡಾಣುವನ್ನು ಸೇರಬಲ್ಲದು. ತಳ್ಳುವುದೇ ಮುಖ್ಯ, ನೆನೆಸುವುದು ಉಪಚಾರಕ್ಕೆ ಎಂಬ ಮಾತು ಬಲವಾಯಿತು.

2011ರಲ್ಲಿ ಇನ್ನೊಂದು ಪೆಟ್ಟು. ಚೀಲ ಬಿಚ್ಚುವುದು ಗೋಡೆ ಮುಟ್ಟಿದ ಮೇಲೆ ಎಂದು ಎಲ್ಲರೂ ನಂಬಿದ್ದರು. ಆಕ್ರೋಸೋಮಿನಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನು ತುಂಬಿದ ಸುಂಡಿಲಿ ವೀರ್ಯಾಣುಗಳನ್ನು ವಿಡಿಯೊ ಮಾಡಿ ನೋಡಿದರು. ಅಂಡಾಣುವನ್ನು ಸೇರಿದವುಗಳಲ್ಲಿ ಬಹುಪಾಲು ಗೋಡೆ ಮುಟ್ಟುವ ಮೊದಲೇ ಚೀಲ ಬಿಚ್ಚಲು ಶುರುಮಾಡಿದ್ದವು. ಅದೇ ವರ್ಷ ಇನ್ನೊಂದು ಪ್ರಯೋಗದಲ್ಲಿ, ಒಂದು ಗೋಡೆ ದಾಟಿ ಒಳಗೆ ಸಿಕ್ಕಿಕೊಂಡಿದ್ದ ವೀರ್ಯಾಣುವನ್ನು ತೆಗೆದು ಬೇರೆ ಅಂಡಾಣುವಿನ ಮುಂದೆ ಬಿಟ್ಟರು. ಚೀಲ ಖಾಲಿಯಾಗಿದ್ದರೂ ಅದು ಎರಡನೇ ಗೋಡೆಯನ್ನೂ ದಾಟಿತು.

ಅಷ್ಟಾದರೂ ಕಿಣ್ವದ ಪಕ್ಷ ಪೂರ್ತಿ ಸೋತಿರಲಿಲ್ಲ. 2010ರಲ್ಲಿ ಬಂದ ಒಂದು ಕೆಲಸ ನನಗೆ ಬಹಳ ಮುಖ್ಯ ಅನಿಸುತ್ತದೆ. ಆಕ್ರೋಸಿನ್ ಜೊತೆಗೆ ಪಿಆರ್‌ಎಸ್‌ಎಸ್-21 ಎಂಬ ಇನ್ನೊಂದು ಕಿಣ್ವವನ್ನೂ ತೆಗೆದ ಸುಂಡಿಲಿಗಳವು. ಅವುಗಳ ವೀರ್ಯಾಣು ಗಾಜಿನ ತಟ್ಟೆಯಲ್ಲಿ ಅಂಡಾಣುವನ್ನು ಸೇರಲು ಆಗಲೇ ಇಲ್ಲ. ಆದರೆ ಆ ಗಂಡುಗಳನ್ನು ಹೆಣ್ಣುಗಳ ಜೊತೆ ಬಿಟ್ಟಾಗ, ಕಡಿಮೆಯಾದರೂ, ಮರಿಗಳಾದವು. ತಟ್ಟೆಯಲ್ಲಿ ಇಲ್ಲದ್ದು ಹೆಣ್ಣಿನ ದೇಹದಲ್ಲಿ ಏನಿತ್ತು? ಗರ್ಭಕೋಶದ ದ್ರವ. ಗಂಡಿನ ಕಡೆಯ ಕೊರತೆಯನ್ನು ಹೆಣ್ಣಿನ ಕಡೆಯ ಕಿಣ್ವಗಳು ಸ್ವಲ್ಪ ಮಟ್ಟಿಗೆ ತುಂಬಿಕೊಟ್ಟಿದ್ದವು.

2020ರಲ್ಲಿ ಕಥೆ ಮತ್ತೆ ತಿರುಗಿತು. ಊರು ಅದೇ, ತ್ಸುಕುಬಾ. ರಿಕೆನ್ ಸಂಸ್ಥೆಯ ಅತ್ಸುವೊ ಒಗುರಾ ಅವರ ತಂಡ ಸುಂಡಿಲಿ ಬಿಟ್ಟು, ಇಲಿಯಂಥದೇ ಇನ್ನೊಂದು ಪುಟ್ಟ ಪ್ರಾಣಿಯಾದ ಹ್ಯಾಮ್‌ಸ್ಟರ್ ಹಿಡಿಯಿತು. ಸಸ್ತನಿಗಳ ಗರ್ಭಧಾರಣೆಯ ಅಧ್ಯಯನದಲ್ಲಿ ಹ್ಯಾಮ್‌ಸ್ಟರ್‌ಗೆ ದೊಡ್ಡ ಜಾಗ ಇದೆ. 1963ರಲ್ಲಿ ಯನಾಗಿಮಾಚಿ ಮತ್ತು ಚಾಂಗ್ ಗಾಜಿನ ತಟ್ಟೆಯಲ್ಲಿ ಅಂಡಾಣು ವೀರ್ಯಾಣು ಸೇರಿಸಿದ್ದು ಅದರಲ್ಲೇ. ಆದರೆ ಅದರ ಜೀನ್ ತೆಗೆಯುವುದು ಬಹುಕಾಲ ಕಷ್ಟವಾಗಿತ್ತು. ಜೀನ್ ತಿದ್ದುವ ಹೊಸ ವಿಧಾನ ಬಂದ ಮೇಲೆ ಆಯಿತು. ಆಕ್ರೋಸಿನ್ ತೆಗೆದ ಗಂಡು ಹ್ಯಾಮ್‌ಸ್ಟರ್‌ಗಳಿಗೆ ಒಂದು ಮರಿಯೂ ಆಗಲಿಲ್ಲ. ಅವುಗಳ ವೀರ್ಯಾಣು ಗೋಡೆಗೆ ಅಂಟಿಕೊಂಡವು, ದಾಟಲಿಲ್ಲ. ಗೋಡೆ ತೆಗೆದ ಅಂಡಾಣು ಕೊಟ್ಟರೆ ಸಲೀಸಾಗಿ ಸೇರಿದವು. ಅಂದರೆ ಬೇರೆ ಎಲ್ಲವೂ ಸರಿ ಇತ್ತು. ಗೋಡೆ ಮಾತ್ರ ಅಡ್ಡಿ, ಆ ಅಡ್ಡಿಗೆ ಬೇಕಾದದ್ದು ಆಕ್ರೋಸಿನ್.

ಸುಂಡಿಲಿಯಲ್ಲಿ ಬೇಡ, ಹ್ಯಾಮ್‌ಸ್ಟರ್‌ನಲ್ಲಿ ಬೇಕೇ ಬೇಕು. ನಡುವೆ ಇಲಿ ಇದೆ. ದೊಡ್ಡ ಇಲಿಯಲ್ಲಿ ಆಕ್ರೋಸಿನ್ ತೆಗೆದರೆ ಮರಿಗಳಾಗುತ್ತವೆ, ಆದರೆ ಸೂಲಿಗೆ ಹುಟ್ಟುವ ಮರಿಗಳ ಸಂಖ್ಯೆ ಇಳಿಯುತ್ತದೆ. ಗೋಡೆಗಳೂ ಒಂದೇ ತರಹ ಇಲ್ಲ. ಸುಂಡಿಲಿಯ ಗೋಡೆಯಲ್ಲಿ 3 ಪ್ರೋಟೀನು, ಹ್ಯಾಮ್‌ಸ್ಟರ್ ಮತ್ತು ಮನುಷ್ಯರ ಗೋಡೆಯಲ್ಲಿ 4. ಇಪ್ಪತ್ತಾರು ವರ್ಷ ನಾವು ಸುಂಡಿಲಿಯನ್ನು ನೋಡಿ "ಸಸ್ತನಿಗಳಲ್ಲಿ ಆಕ್ರೋಸಿನ್ ಬೇಕಿಲ್ಲ" ಎಂದೆವು. ನಿಜವಾಗಿ ಹೇಳಬೇಕಿದ್ದದ್ದು "ಸುಂಡಿಲಿಯಲ್ಲಿ ಬೇಕಿಲ್ಲ" ಎಂದಷ್ಟೇ. ಒಂದು ಪ್ರಾಣಿಯ ಉತ್ತರವನ್ನು ಎಲ್ಲ ಪ್ರಾಣಿಗಳ ಬಾಯಿಗೆ ತುರುಕಿದ್ದು ನಮ್ಮ ತಪ್ಪು. ನಾನೂ ತರಗತಿಯಲ್ಲಿ ಎಷ್ಟೋ ವರ್ಷ ಹಾಗೇ ಹೇಳಿದ್ದೇನೆ. ಆ ಮಕ್ಕಳಲ್ಲಿ ಯಾರಾದರೂ ಇಲ್ಲಿದ್ದರೆ ದಯವಿಟ್ಟು ತಿದ್ದಿಕೊಳ್ಳಿ.

ಇಷ್ಟು ಹೊತ್ತು ವೀರ್ಯಾಣುವಿನ ಕಿಣ್ವ ಆಯಿತು. ಅಂಡಾಣುವಿಗೂ ತನ್ನದೇ ಕಿಣ್ವ ಇದೆ. ಒಂದು ವೀರ್ಯಾಣು ಒಳಗೆ ಸೇರಿದ ಕೂಡಲೇ ಅಂಡಾಣುವಿನೊಳಗೆ ಕ್ಯಾಲ್ಸಿಯಂ ಅಲೆ ಏಳುತ್ತದೆ. ಅಂಚಿನಲ್ಲಿ ಕಾದಿರುವ ಪುಟ್ಟ ಚೀಲಗಳು ಬಿಚ್ಚಿಕೊಳ್ಳುತ್ತವೆ. ಅದರಿಂದ ಓವಾಸ್ಟಾಸಿನ್ ಎಂಬ ಕಿಣ್ವ ಹೊರಗೆ ಬಂದು ಗೋಡೆಯ ಝಡ್‌ಪಿ-2 ಎಂಬ ಪ್ರೋಟೀನನ್ನು ಕತ್ತರಿಸುತ್ತದೆ. ಅಷ್ಟಾದರೆ ಬೇರೆ ವೀರ್ಯಾಣು ಗೋಡೆಗೆ ಅಂಟಲಾರದು. ಎರಡು ವೀರ್ಯಾಣು ಸೇರಿದರೆ ಭ್ರೂಣ ಉಳಿಯುವುದಿಲ್ಲ, ಆದ್ದರಿಂದ ಈ ಕೆಲಸ ಬಹಳ ದೊಡ್ಡದು. ಆದರೆ ಅಂಡಾಣುವಿನಿಂದ ಓವಾಸ್ಟಾಸಿನ್ ಮೊದಲೇ ಸ್ವಲ್ಪಸ್ವಲ್ಪ ಸೋರುತ್ತಿರುತ್ತದೆ. ಗೋಡೆ ಬೇಗನೆ ಗಟ್ಟಿಯಾಗಬಾರದಲ್ಲ? ಅದನ್ನು ತಡೆಯುವುದು ಫೆಟುಯಿನ್-ಬಿ ಎಂಬ ಪ್ರೋಟೀನು. ಅದು ತಯಾರಾಗುವುದು ಯಕೃತ್ತಿನಲ್ಲಿ. ಅದಿಲ್ಲದ ಹೆಣ್ಣು ಸುಂಡಿಲಿಗಳು ಬಂಜೆ ಎಂದು 2013ರಲ್ಲಿ ತೋರಿಸಿದರು. ವೀರ್ಯಾಣುವಿನ ಕಿಣ್ವ ಎಷ್ಟೇ ಚೆನ್ನಾಗಿದ್ದರೂ ಗೋಡೆ ಮೆದುವಾಗಿ ಕಾಯಬೇಕು, ಅದಕ್ಕೆ ತಾಯಿಯ ಪಿತ್ತಜನಕಾಂಗವೂ ದುಡಿಯಬೇಕು.

ನನ್ನ ಮಾತು ಇಲ್ಲಿಗೆ ನಿಲ್ಲಿಸಿ ಪ್ರಶ್ನೆಗಳನ್ನು ಕೇಳಿದೆ.

ಒಬ್ಬ ತಾಯಿ ಎದ್ದು ನಿಂತರು. "ಸರ್, ಗಂಡಸರ ರಿಪೋರ್ಟ್ ನಾರ್ಮಲ್ ಬಂದರೆ ತೊಂದರೆ ಹೆಂಗಸಲ್ಲೇ ಇದೆ ಅಂತಾರೆ. ಹಾಗೇನಾ?"

ಅಲ್ಲಮ್ಮ, ಹಾಗಲ್ಲ. ವೀರ್ಯ ಪರೀಕ್ಷೆಯಲ್ಲಿ ಎಣಿಸುತ್ತಾರೆ, ಎಷ್ಟು ಓಡಾಡುತ್ತವೆ ನೋಡುತ್ತಾರೆ, ಆಕಾರ ನೋಡುತ್ತಾರೆ. ಗೋಡೆ ದಾಟುವ ಶಕ್ತಿ ಆ ಕಾಗದದಲ್ಲಿ ಕಾಣುವುದಿಲ್ಲ. ಆ ಹ್ಯಾಮ್‌ಸ್ಟರ್‌ಗಳ ವೀರ್ಯಾಣು ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇದ್ದವು. ಮನುಷ್ಯರಲ್ಲೂ ಆಕ್ರೋಸಿನ್ ಜೀನಿನ ದೋಷದಿಂದ ಐವಿಎಫ್, ಅಂದರೆ ದೇಹದ ಹೊರಗೆ ಅಂಡಾಣು ವೀರ್ಯಾಣು ಸೇರಿಸುವ ಚಿಕಿತ್ಸೆಯ ತಟ್ಟೆಯಲ್ಲಿ ಒಂದೂ ಅಂಡಾಣು ಫಲಿಸದ ಪ್ರಕರಣ ವರದಿಯಾಗಿದೆ. ಕೆಲವು ಗಂಡಸರಲ್ಲಿ ಆಕ್ರೋಸೋಮೇ ಇಲ್ಲದ ಗುಂಡು ತಲೆಯ ವೀರ್ಯಾಣುಗಳು ಇರುತ್ತವೆ, ಅವು ಸಹಜವಾಗಿ ಅಂಡಾಣುವನ್ನು ಸೇರಲಾರವು. ನಮ್ಮ ನೆಂಟರಲ್ಲೇ ಒಬ್ಬ ಹೆಣ್ಣುಮಗಳು ವರ್ಷಗಟ್ಟಲೆ ಎಲ್ಲ ಹಬ್ಬ ಹುಣ್ಣಿಮೆಯಲ್ಲಿ ಮಾತು ಕೇಳಿಸಿಕೊಂಡಳು. ಸೀಮಂತಕ್ಕೆ ಕರೆಯುವುದನ್ನೂ ಬಿಟ್ಟಿದ್ದರು. ಕಾರಣ ಗಂಡನ ಕಡೆ ಇತ್ತು. ಆ ನೋವು ಈಗಲೂ ನನ್ನ ಮನಸ್ಸಿನಲ್ಲಿದೆ. ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಹೋಗಬೇಕು. ದಾರಿಯೂ ಇದೆ. 1992ರಿಂದ ಒಂದೇ ವೀರ್ಯಾಣುವನ್ನು ಸೂಜಿಯಲ್ಲಿ ಹಿಡಿದು ಗೋಡೆ ದಾಟಿಸಿ ಅಂಡಾಣುವಿನೊಳಗೆ ಬಿಡುವ ಇಕ್ಸಿ ವಿಧಾನ ಬಂದಿದೆ. ಅಂಡಾಣುವಿನ ಸುತ್ತಲಿನ ಮೋಡವನ್ನು ಚೆದುರಿಸಲು ಅಲ್ಲೂ ಬಳಸುವುದು ಹಯಲುರೊನಿಡೇಸ್.

ಒಬ್ಬ ಹೈನುಗಾರರು ಕೃತಕ ಗರ್ಭಧಾರಣೆಯ ಬಗ್ಗೆ, ಅಂದರೆ ಸ್ಟ್ರಾ ಎಂಬ ಸಣ್ಣ ಕೊಳವೆಯಲ್ಲಿ ಹೆಪ್ಪುಗಟ್ಟಿಸಿಟ್ಟ ವೀರ್ಯವನ್ನು ಹಸುವಿಗೆ ಹಾಕುವುದರ ಬಗ್ಗೆ ಕೇಳಿದರು. "ಎರಡು ಮೂರು ಸಲ ಸೂಜಿ ಹಾಕಿಸಿದರೂ ಹಸು ಗಬ್ಬ ನಿಲ್ಲಲ್ಲ. ಸ್ಟ್ರಾದಲ್ಲಿ ಈ ಕಿಣ್ವ ಹಾಳಾಗಿರುತ್ತಾ?"

ಒಳ್ಳೆಯ ಪ್ರಶ್ನೆ. ಗಬ್ಬ ನಿಲ್ಲದಿರಲು ಕಾರಣ ಹಲವು. ಬೆದೆ ಗುರುತಿಸುವುದು ತಡವಾಗಿರಬಹುದು, ಗರ್ಭಕೋಶದ ಸೋಂಕು ಇರಬಹುದು. ಆದರೆ ನೀವು ಹೇಳಿದ್ದೂ ಒಂದು ಕಾರಣ. ಸ್ಟ್ರಾ ಇರುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ. ಹೆಪ್ಪುಗಟ್ಟುವಾಗ, ಕರಗುವಾಗ ಮೊದಲು ಪೆಟ್ಟು ಬೀಳುವ ಜಾಗಗಳಲ್ಲಿ ಆಕ್ರೋಸೋಮಿನ ಪೊರೆ ಒಂದು. ಪೊರೆ ಹರಿದರೆ ಕಿಣ್ವ ಸೋರುತ್ತದೆ. ಆ ವೀರ್ಯಾಣು ಇನ್ನೂ ಈಜುತ್ತಿರಬಹುದು, ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ವೀರ್ಯ ಕೇಂದ್ರಗಳಲ್ಲಿ ಓಡಾಟದ ಜೊತೆಗೆ ಆಕ್ರೋಸೋಮ್ ಗಟ್ಟಿಯಾಗಿದೆಯೇ ಎಂದೂ ನೋಡುತ್ತಾರೆ. ನೀವು ಮಾಡಬಹುದಾದದ್ದು ಇಷ್ಟು. ಸ್ಟ್ರಾ ತೆಗೆದ ಕೂಡಲೇ 37 ಡಿಗ್ರಿ ಬೆಚ್ಚನೆಯ ನೀರಿನಲ್ಲಿ 30 ಸೆಕೆಂಡು ಇಡಬೇಕು. ಅಂಗೈಯಲ್ಲಿ ಉಜ್ಜುವುದು, ಜೇಬಿನಲ್ಲಿ ಇಟ್ಟು ಕರಗಿಸುವುದು ಬೇಡ. ಥರ್ಮಾಮೀಟರ್ ಇದೆಯಾ ಎಂದು ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯಬಾರದು. ಬೆಳಿಗ್ಗೆ ಬೆದೆಗೆ ಬಂದರೆ ಸಂಜೆ, ಸಂಜೆ ಬಂದರೆ ಮಾರನೇ ಬೆಳಿಗ್ಗೆ ಹಾಕಿಸುವ ಹಳೆಯ ಲೆಕ್ಕ ಈಗಲೂ ಒಳ್ಳೆಯದೇ.

ಕೊನೆಗೆ ಎರಡನೇ ವರ್ಷದ ಒಬ್ಬ ಹುಡುಗಿ ತೂತಿರುವ ಗೂಡನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದಳು. "ಸರ್, ಚಿಟ್ಟೆ ಹೋದ ಮೇಲೆ ಗೂಡು ಖಾಲಿ ಉಳಿಯುತ್ತೆ. ಅಂಡಾಣುವಿನ ಗೋಡೆ ಕೊನೆಗೆ ಏನಾಗುತ್ತೆ?"

ಈ ಪ್ರಶ್ನೆ ಬರಲಿ ಎಂದು ನಾನು ಕಾದಿದ್ದೆ. ಗೋಡೆ ಹಲವು ದಿನ ಭ್ರೂಣದ ಸುತ್ತ ಇರುತ್ತದೆ. ಅಂಡನಾಳದಲ್ಲಿ ಉರುಳಿಕೊಂಡು ಬರುವಾಗ ಅದನ್ನು ಕಾಪಾಡುತ್ತದೆ. ಗರ್ಭಕೋಶಕ್ಕೆ ಬಂದ ಮೇಲೆ ಭ್ರೂಣ ಒಳಗಿನಿಂದ ಹೊರಗೆ ಬರಬೇಕು, ಇಲ್ಲದಿದ್ದರೆ ಅಂಟಿಕೊಳ್ಳಲಾರದು. ಮನುಷ್ಯರಲ್ಲಿ ಐದಾರು ದಿನಕ್ಕೆ. ಇದರ ಬಗ್ಗೆ ಒಳ್ಳೆಯ ಕೆಲಸ ಆಗಿರುವುದು ನಮ್ಮ ಬೆಂಗಳೂರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ಬಿ. ಶೇಷಗಿರಿ ಅವರ ತಂಡ ಹ್ಯಾಮ್‌ಸ್ಟರ್ ಭ್ರೂಣಗಳು ಗೋಡೆ ಬಿಟ್ಟು ಹೊರಬರುವುದನ್ನು ವರ್ಷಗಟ್ಟಲೆ ನೋಡಿತು. ಅಲ್ಲಿ ಗೋಡೆಯನ್ನು ಕರಗಿಸುವುದು ಭ್ರೂಣವೇ ತಯಾರಿಸುವ ಕ್ಯಾಥೆಪ್ಸಿನ್ ಎಂಬ ಕಿಣ್ವಗಳು. ಸುಂಡಿಲಿಯ ಭ್ರೂಣ ತಟ್ಟೆಯಲ್ಲಿ ಹಿಗ್ಗಿ ಹಿಗ್ಗಿ, ಗೋಡೆಯಲ್ಲಿ ಒಂದು ಸೀಳು ಮಾಡಿ ನುಸುಳಿ ಬರುತ್ತದೆ. ಖಾಲಿ ಗೋಡೆ ಹಿಂದೆ ಉಳಿಯುತ್ತದೆ, ನಿನ್ನ ಕೈಯಲ್ಲಿರುವ ಗೂಡಿನ ಹಾಗೇ. ಹ್ಯಾಮ್‌ಸ್ಟರ್ ಭ್ರೂಣ ಹಾಗಲ್ಲ. ಹಿಗ್ಗುವ ಬದಲು ಮುದುಡಿಕೊಳ್ಳುತ್ತದೆ. ಗೋಡೆ ಒಂದು ಕಡೆ ತೆಳ್ಳಗಾಗುತ್ತದೆ, ಆಮೇಲೆ ಸುತ್ತಲೂ ಕರಗಿಹೋಗುತ್ತದೆ. ಹಿಂದೆ ಏನೂ ಉಳಿಯುವುದಿಲ್ಲ.